ಬರೆದ ದಿನ, ತಲುಪಿದ ದಿನ: 1831ರ ಮೈಸೂರು ಕಡತಗಳ ಜೊತೆ ನನ್ನ ಅನುಭವ

ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಆರು ತಿಂಗಳು ಸುಮ್ನೆ ಮನೆಯಲ್ಲಿದ್ದೆ. ಆಮೇಲೆ ಹತ್ತಿದ ಹುಚ್ಚು ಇದು.

ನಮ್ಮದು ಶಿವಮೊಗ್ಗದ ಕಡೆ. ಚಿಕ್ಕವರಿದ್ದಾಗ ನಾವು ಹುಡುಗರು ನಾಲ್ಕು ಜನ ಸೇರಿ ಗುಸುಗುಸು ಮಾಡಿದರೆ ಅಜ್ಜ "ಏನ್ರೋ, ಕೂಟ ಕಟ್ತಿದ್ದೀರಾ?" ಅಂತ ಗದರುತ್ತಿದ್ದರು. ಆ ಮಾತು ಎಲ್ಲಿಂದ ಬಂತು ಅಂತ ನಲವತ್ತು ವರ್ಷ ಯೋಚನೆಯನ್ನೇ ಮಾಡಿರಲಿಲ್ಲ. 1830ರಲ್ಲಿ ನಗರದ (ಹಳೆಯ ಬಿದನೂರು) ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ಊರೂರಲ್ಲಿ ಸೇರುತ್ತಿದ್ದರು. ಆ ಸಭೆಗಳಿಗೆ ಕೂಟ ಅಂತಲೇ ಹೆಸರು. ಅದು ದಂಗೆಯಾಯಿತು. ದಂಗೆ ಅಡಗಿದ ಮೇಲೆ 1831ರ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡರು. ವಾಪಸ್ ಕೊಟ್ಟದ್ದು 1881ರಲ್ಲಿ, ಅದೂ ಅವರಿಗಲ್ಲ, ದತ್ತು ಮಗನಿಗೆ.

ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಲೆ ಕೊರೆದದ್ದು ಒಂದು ಬ್ಯಾಂಕಿನ ಪ್ರಶ್ನೆ. 1799ರ ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಡಬೇಕು, ಹನ್ನೆರಡು ಸಮ ಕಂತಿನಲ್ಲಿ. ಪಗೋಡಕ್ಕೆ ಮೂರೂವರೆ ರೂಪಾಯಿ ಹಿಡಿದರೆ 24.5 ಲಕ್ಷ ರೂಪಾಯಿ. ಆ ದುಡ್ಡಿಗೆ ಧಕ್ಕೆ ಬರುತ್ತದೆ ಅನ್ನಿಸಿದರೆ ಮಾತ್ರ ಸೀಮೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು, ಒಪ್ಪಂದದ 4 ಮತ್ತು 5ನೇ ಕಲಮಿನ ಸಾರಾಂಶ ಇದು. ಅಂದರೆ ಅಡಮಾನದ ಪತ್ರ ಇದ್ದ ಹಾಗೆ. ಹಾಗಾದರೆ ಸಾಲಗಾರ ಕಂತು ತಪ್ಪಿಸಿದ್ದನಾ? ತಪ್ಪಿಸದೇ ಇದ್ದರೆ ಜಪ್ತಿ ಹೇಗೆ ಮಾಡಿದಿರಿ? ಇಷ್ಟೇ ನನಗೆ ಬೇಕಾಗಿದ್ದದ್ದು. ಮೂರು ವರ್ಷ ಹಿಡಿಯಿತು.

ಕಾಗದಗಳು ಒಂದೇ ಕಡೆ ಇಲ್ಲ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಸಂಸ್ಥಾನಗಳ ವ್ಯವಹಾರ ನೋಡುತ್ತಿದ್ದ ಫಾರಿನ್ ಡಿಪಾರ್ಟ್‌ಮೆಂಟಿನ ಕಡತಗಳಿವೆ. ಅಭಿಲೇಖ್ ಪಟಲ್ ಅನ್ನೋ ಅವರ ವೆಬ್‌ಸೈಟಿನಲ್ಲಿ ಸುಮಾರಷ್ಟು ಮನೆಯಲ್ಲೇ ಕೂತು ನೋಡಬಹುದು. ಬೆಂಗಳೂರಿನಲ್ಲಿ ವಿಧಾನಸೌಧದೊಳಗೇ ರಾಜ್ಯ ಪತ್ರಾಗಾರ ಇದೆ, ಎಷ್ಟು ಜನಕ್ಕೆ ಗೊತ್ತೋ. ಮದ್ರಾಸಿನ ಕಾಗದ ಬೇಕಾದರೆ ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು.

(ಕಡತ ಅಂದೆನಲ್ಲ, ಆ ಪದವೇ ಒಂದು ಕತೆ. ಮೊದಲು ಕಡತ ಅಂದರೆ ಇದ್ದಿಲು ಮತ್ತು ಅಂಟು ಬಳಿದು ಕಪ್ಪು ಮಾಡಿದ ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಚಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಿತ್ತು. ಈಗಿನ ಕಡತಗಳನ್ನೂ ಹಾಗೆ ಒರೆಸುವವರು ಇದ್ದಾರೆ ಬಿಡಿ, ಆ ವಿಷಯ ಬೇಡ.)

ಮೊದಲ ಪುಟ ಓದಲು ನನಗೆ ಮೂರು ದಿನ ಬೇಕಾಯಿತು. ಗುಮಾಸ್ತ ಚೆನ್ನಾಗಿಯೇ ಬರೆದಿದ್ದ, ನನಗೇ ಆ ಅಕ್ಷರದ ಓಟ ಹಿಡಿಯಲಿಲ್ಲ. ಆಮೇಲೆ ಒಂದು ಉಪಾಯ ಮಾಡಿಕೊಂಡೆ. ಮೊದಲು ಅಂಕಿಗಳನ್ನು ಹುಡುಕು, ಆಮೇಲೆ ಊರಿನ ಹೆಸರು, ಕೊನೆಗೆ ವಾಕ್ಯ. ಊರಿನ ಹೆಸರನ್ನು ಗಟ್ಟಿಯಾಗಿ ಬಾಯಲ್ಲಿ ಹೇಳಿಕೊಳ್ಳಬೇಕು, ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. 'ನಗ್ಗರ್' ಅಂದರೆ ನಗರ, 'ಚಿಟಲ್‌ಡ್ರೂಗ್' ಅಂದರೆ ಚಿತ್ರದುರ್ಗ. ಮನುಷ್ಯರ ಹೆಸರು ಇನ್ನೂ ಕಷ್ಟ. ಆಗ ಮೈಸೂರಿನಲ್ಲಿ ಇದ್ದ ರೆಸಿಡೆಂಟ್ (ಅರಮನೆಯಲ್ಲಿ ಕಂಪನಿಯ ಪ್ರತಿನಿಧಿ) ಕ್ಯಾಸಮೇಜರ್, ನಾನು ಎಷ್ಟೋ ದಿನ 'ಮೇಜರ್' ಅನ್ನುವುದು ಹುದ್ದೆ ಅಂದುಕೊಂಡು 'ಮೇಜರ್ ಕ್ಯಾಸ' ಅಂತ ಯಾರೋ ಸೇನೆಯವನನ್ನು ಹುಡುಕುತ್ತಿದ್ದೆ. ಅದು ಪೂರ್ತಿ ಅವರ ಮನೆತನದ ಹೆಸರು.

ಪತ್ರದ ತಲೆ ಮತ್ತು ಬಾಲ ಬಿಟ್ಟುಬಿಡಿ. ಮೇಲೆ ಗೌರವ ಸುರಿದಿರುತ್ತದೆ, ಕೆಳಗೆ 'ನಿಮ್ಮ ವಿಧೇಯ ಸೇವಕ' ಅಂತ ಇರುತ್ತದೆ. ಒಬ್ಬರನ್ನೊಬ್ಬರು ಕಂಡರೆ ಆಗದವರೂ ಹಾಗೇ ಬರೆಯುತ್ತಿದ್ದರು.

ಈಗ ನಾನು ಮಾಡಿದ ಎಡವಟ್ಟಿನ ಕತೆ. ಒಂದು ವರ್ಷ ಓದಿದ ಮೇಲೆ ನನಗೆ ಭಾರಿ ಪಿತೂರಿಯೊಂದು ಸಿಕ್ಕಿತು ಅಂತ ಅನ್ನಿಸಿತು. ಮೈಸೂರಿನಿಂದ ಹೋದ ದೂರಿನ ಪತ್ರಗಳಲ್ಲಿ ಕೆಲವಕ್ಕೆ, ಆಡಳಿತ ತೆಗೆದುಕೊಳ್ಳುವ ತೀರ್ಮಾನಕ್ಕಿಂತ ಆಮೇಲಿನ ದಿನಾಂಕ ಕಂಡಿತು. ಅಂದರೆ ಮೊದಲು ತೀರ್ಮಾನ ಮಾಡಿ, ಆಮೇಲೆ ಸಾಕ್ಷಿ ಹುಟ್ಟಿಸಿದ್ದಾರೆ! ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತಾಲ್ಲೂಕಿನ ಒಂದು ಸಣ್ಣ ಸಭೆಯಲ್ಲಿ ಇದನ್ನೇ ಮುಕ್ಕಾಲು ಗಂಟೆ ಕೊರೆದೆ. ಜನ ಚಪ್ಪಾಳೆ ಹೊಡೆದರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ವಯಸ್ಸಾದ ಮೇಷ್ಟ್ರು ಎದ್ದು ಕೇಳಿದರು: "ಸರ್, ಇದು ಪತ್ರ ಬರೆದ ದಿನವಾ, ಅಲ್ಲಿ ಬಂದ ದಿನವಾ?"

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಆವಕ, ಜಾವಕ ಅಂತ ಎರಡು ರಿಜಿಸ್ಟರ್ ಬೇರೆ ಬೇರೆ ಯಾಕೆ ಇಡುತ್ತಾರೆ ಅಂತ ಹೊಸ ಹುಡುಗರಿಗೆ ಪಾಠ ಹೇಳಿದವನು. ಚೆಕ್ಕಿನ ಮೇಲಿನ ತಾರೀಖು ಬೇರೆ, ಪಾಸಾದ ತಾರೀಖು ಬೇರೆ, ಅಲ್ವಾ? ಫಾರಿನ್ ಡಿಪಾರ್ಟ್‌ಮೆಂಟಿನ ಕಟ್ಟಿನ ಮೇಲಿರುವ ದಿನಾಂಕ ಪತ್ರ ಬರೆದದ್ದಲ್ಲ. ಅದು ಕನ್ಸಲ್ಟೇಷನ್ ದಿನಾಂಕ, ಅಂದರೆ ಆ ಪತ್ರವನ್ನು ಗವರ್ನರ್ ಜನರಲ್ ಕೌನ್ಸಿಲ್ ಮುಂದೆ ದಾಖಲು ಮಾಡಿದ ದಿನ. ಬರೆದ ದಿನ ಒಳಗೆ, ಪತ್ರದ ಮೇಲೋ ಕೆಳಗೋ ಇರುತ್ತದೆ. ನಡುವೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಅಂತರ. ನನ್ನ ಪಿತೂರಿ ಅಲ್ಲೇ ಸತ್ತುಹೋಯಿತು.

ಮನೆಗೆ ಬಂದು ಎಲ್ಲಾ ಹರಿದು ಹಾಕಿ ಹೊಸದಾಗಿ ಶುರು ಮಾಡಿದೆ. ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದೆ. ಎಡಗಡೆ ಬರೆದ ದಿನ ಮತ್ತು ಊರು, ಅದರ ಪಕ್ಕ ತಲುಪಿದ ದಿನ, ಅದರ ಪಕ್ಕ ಯಾರ ಕೈ ದಾಟಿ ಹೋಯಿತು, ಕೊನೆಯಲ್ಲಿ ಲಗತ್ತು ಏನಿತ್ತು. ಪತ್ರದಲ್ಲಿ ಏನು ಬರೆದಿದೆ ಅನ್ನೋದಕ್ಕೆ ಕಾಲಮ್ಮೇ ಇಡಲಿಲ್ಲ. ಹುಚ್ಚಾಟ ಅಂತ ಮಗಳು ನಕ್ಕಳು. ಆದರೆ ಕತೆ ಬಿಚ್ಚಿಕೊಂಡದ್ದು ಆ ಲೆಡ್ಜರಿನಿಂದಲೇ.

ನೋಡಿ, ಆಡಳಿತ ತೆಗೆದುಕೊಳ್ಳುತ್ತೇವೆ ಅಂತ ಗವರ್ನರ್ ಜನರಲ್ ಬೆಂಟಿಂಕ್ ರಾಜರಿಗೆ ಬರೆದ ಪತ್ರದ ದಿನಾಂಕ 7 ಸೆಪ್ಟೆಂಬರ್ 1831. ಆಗ ಅವರು ಕಲ್ಕತ್ತೆಯಲ್ಲೇ ಇರಲಿಲ್ಲ, ಸಿಮ್ಲಾ ಬೆಟ್ಟದಲ್ಲಿದ್ದರು. ರಣಜಿತ್ ಸಿಂಗರನ್ನು ರೂಪರ್‌ನಲ್ಲಿ ಭೇಟಿ ಮಾಡುವ ತಯಾರಿ ನಡೆದಿತ್ತು. ಮೈಸೂರಿನಲ್ಲಿ ಆಡಳಿತ ಕೈ ಬದಲಾದದ್ದು ಅಕ್ಟೋಬರ್ 19ಕ್ಕೆ. ನಡುವೆ 42 ದಿನ. ಆ 42 ದಿನ ರಾಜರು ರಾಜರಾಗಿಯೇ ಇದ್ದರು, ಆದರೆ ಅವರ ರಾಜ್ಯ ಒಂದು ಚೀಲದಲ್ಲಿ ದಾರಿಯಲ್ಲಿತ್ತು. ಇನ್ನೊಂದು ವಿಷಯ. ಆಗ ಮೈಸೂರಿನ ವ್ಯವಹಾರ ಮದ್ರಾಸ್ ಸರ್ಕಾರದ ಕೆಳಗಿತ್ತು. ರೆಸಿಡೆಂಟ್ ಬರೆದದ್ದೆಲ್ಲ ಮೊದಲು ಮದ್ರಾಸಿಗೆ, ಅಲ್ಲಿಂದ ಮೇಲಕ್ಕೆ. ಹಾಗಾಗಿ ಗವರ್ನರ್ ಜನರಲ್ ಕಣ್ಣಿಗೆ ಬಿದ್ದ ಮೈಸೂರು ಮದ್ರಾಸಿನವರು ಸೋಸಿ ಕಳಿಸಿದ ಮೈಸೂರು.

ಮದ್ರಾಸಿನ ಗವರ್ನರ್ ಯಾರು? ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. ಮೈಸೂರಿನ ಆಡಳಿತ ನಡೆಸಲು ಇಬ್ಬರು ಕಮಿಷನರ್ ಬೇಕಾದಾಗ ಹಿರಿಯರಾಗಿ ಬಂದದ್ದು ಬ್ರಿಗ್ಸ್. ಕಿರಿಯ ಕಮಿಷನರ್ ಸಿ.ಎಂ. ಲಷಿಂಗ್ಟನ್, ಗವರ್ನರ್ ಸಾಹೇಬರ ಸ್ವಂತ ತಮ್ಮ! ಅಂದರೆ ಹಿರಿಯವನ ದೂರು ಮದ್ರಾಸಿಗೆ ಹೋದರೆ ಅದನ್ನು ಓದುವವರು ಕಿರಿಯವನ ಅಣ್ಣ. ಇಬ್ಬರಿಗೂ ಹೊಂದಲಿಲ್ಲ, ಹೊಂದುವುದಾದರೂ ಹೇಗೆ? 1832ರಲ್ಲಿ ಮೈಸೂರನ್ನು ಮದ್ರಾಸಿನ ಕೈಯಿಂದ ತಪ್ಪಿಸಿ ನೇರ ಗವರ್ನರ್ ಜನರಲ್ ಸರ್ಕಾರಕ್ಕೆ ಸೇರಿಸಿದರು. ಸ್ವಲ್ಪ ದಿನಕ್ಕೆ ಬ್ರಿಗ್ಸ್ ಕೂಡ ಹೊರಟರು. 1834ರಲ್ಲಿ ಇಬ್ಬರು ಮೂವರ ಸಹವಾಸವೇ ಬೇಡ ಅಂತ ಮಾರ್ಕ್ ಕಬ್ಬನ್ ಒಬ್ಬರನ್ನೇ ಕೂರಿಸಿದರು, ಅವರು 1861ರವರೆಗೆ ಕದಲಲಿಲ್ಲ. ಅರಮನೆಯ ಒಳಜಗಳ ಅಂತ ನಾವು ಯಾವಾಗಲೂ ರಾಜನ ಕಡೆ ಬೆರಳು ತೋರಿಸುತ್ತೇವೆ. ನನ್ನ ಲೆಡ್ಜರಿನಲ್ಲಿ ಜಾಸ್ತಿ ಜಗಳ ಕಂಡದ್ದು ಇಂಗ್ಲಿಷಿನವರ ಪುಟಗಳಲ್ಲೇ.

ಹಾಗಂತ ಅರಮನೆ ಶುದ್ಧವಾಗಿತ್ತು ಅನ್ನಲಾರೆ. ಪೂರ್ಣಯ್ಯನವರು 1811ರಲ್ಲಿ ದಿವಾನಗಿರಿ ಬಿಟ್ಟಾಗ ಖಜಾನೆ ತುಂಬಿತ್ತು, ಆಮೇಲೆ ಖಾಲಿಯಾಯಿತು. ಶರತ್ತು ಅನ್ನುವ ಪದ್ಧತಿ ಬಂತು: ಇಷ್ಟು ಕಂದಾಯ ತರುತ್ತೇನೆ ಅಂತ ಒಪ್ಪಿದವನಿಗೆ ಅಮಲ್ದಾರಿಕೆ, ಅಂದರೆ ತಾಲ್ಲೂಕಿನ ಅಧಿಕಾರ. ಟಾರ್ಗೆಟ್ ಕೊಟ್ಟು ಬ್ರಾಂಚ್ ಮ್ಯಾನೇಜರನ್ನು ಹಳ್ಳಿಗೆ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಕಡತಗಳಲ್ಲಿ ನನಗೆ ಅಚ್ಚುಮೆಚ್ಚಿನ ಮನುಷ್ಯ ಬೂದಿ ಬಸವಪ್ಪ. ಹುಟ್ಟು ಹೆಸರು ಸಾದರ ಮಲ್ಲ, ನಮ್ಮ ಕುಂಸಿಯವನು. ನಗರದ ಅರಸರ ಹತ್ತಿರ ಹಿಂದೆ ಇದ್ದ ಒಬ್ಬ ಜಂಗಮನ ಸೇವೆಗೆ ಸೇರಿದ. ಆ ಮುದುಕ ತೀರಿಕೊಂಡಾಗ ಅವನ ಬಳಿ ಇದ್ದ ಅರಸುಮನೆತನದ ಹಳೆಯ ಮುದ್ರೆಗಳು ಇವನ ಕೈಗೆ ಬಂದವು. 1763ರಲ್ಲೇ ಹೈದರ್ ಮುಗಿಸಿದ ಸಂಸ್ಥಾನಕ್ಕೆ ನಾನೇ ಖಾವಂದ ಅಂತ ಹೊರಟೇಬಿಟ್ಟ. ರೈತರಿಗೆ ಅವನು ಕೊಟ್ಟ ಮಾತು: ಹಳೆ ಬಾಕಿ ಪೂರ್ತಿ ಮಾಫಿ, ಮುಂದೆ ಒಂದು ವರಹ ಕಂದಾಯ ಇದ್ದಲ್ಲಿ ಒಂದೇ ರೂಪಾಯಿ. ಸಾಲಮನ್ನಾ ಘೋಷಣೆ ಇವತ್ತಿನದಲ್ಲ ಸ್ವಾಮಿ! ಆದರೆ ಅವನ ಹಿಂದೆ ಜನ ಬಂದದ್ದು ಬರೀ ಮಾತಿಗಲ್ಲ ಅಂತ ನನ್ನ ಅಭಿಪ್ರಾಯ. ಕಾಗದದ ಮೇಲೆ ಮುದ್ರೆ ಬಿದ್ದಿದ್ದರೆ ಅದಕ್ಕೊಂದು ತೂಕ. ನಾನೂ ರಬ್ಬರ್ ಸ್ಟ್ಯಾಂಪಿನ ಶಕ್ತಿ ಕಂಡವನೇ.

ಸರಿ, ನನ್ನ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿತಾ? ಸಿಕ್ಕಿತು, ನಾನು ಹುಡುಕದೇ ಇದ್ದ ಕಡೆ. 1831ರ ಕಟ್ಟುಗಳನ್ನೇ ನಾನು ಜಾಲಾಡುತ್ತಿದ್ದೆ, ಉತ್ತರ ಇದ್ದದ್ದು 14 ಏಪ್ರಿಲ್ 1834ರಂದು ಬೆಂಟಿಂಕ್ ಲಂಡನ್ನಿನ ಕಂಪನಿ ಡೈರೆಕ್ಟರುಗಳಿಗೆ ಬರೆದ ಪತ್ರದಲ್ಲಿ. ದಂಗೆಯ ವಿಚಾರಣೆಗೆ ನೇಮಿಸಿದ್ದ ಸಮಿತಿಯ ವರದಿ ಓದಿದ ಮೇಲೆ ಬರೆದದ್ದು. ಒಪ್ಪಂದ ನಮಗೆ ಹಕ್ಕು ಕೊಟ್ಟಿದ್ದು ಕಪ್ಪದ ಹಣ ಕಾಪಾಡಿಕೊಳ್ಳುವುದಕ್ಕೆ, ನಾವು ಸೀಮೆ ತೆಗೆದುಕೊಂಡದ್ದು ಕೆಟ್ಟ ಆಡಳಿತದ ಕಾರಣಕ್ಕೆ, ಆ ಹಣಕ್ಕೆ ಅಂಥ ಅಪಾಯವೇನೂ ಇದ್ದಂತೆ ಕಾಣುವುದಿಲ್ಲ. ಇಷ್ಟು ಅವರೇ ಒಪ್ಪಿಕೊಂಡಿದ್ದಾರೆ. ಜಪ್ತಿ ಮಾಡಿದ ಮ್ಯಾನೇಜರೇ ಹೆಡ್ ಆಫೀಸಿಗೆ 'ಕಂತು ಬಾಕಿ ಇರಲಿಲ್ಲ' ಅಂತ ಬರೆದ ಹಾಗೆ. ಒಂದಷ್ಟು ಭಾಗವನ್ನಾದರೂ ವಾಪಸ್ ಕೊಡೋಣ ಅಂದರು. ಹೆಡ್ ಆಫೀಸ್ ಒಪ್ಪಲಿಲ್ಲ. ಆ ಪುಟ ಓದಿದ ದಿನ ನಾನು ಕಾಫಿ ಕುಡಿಯೋದನ್ನೂ ಮರೆತು ಕೂತಿದ್ದೆ.

ಈಗ ಲೆಡ್ಜರಿಗೆ ಐದನೇ ಕಾಲಂ ಒಂದು ಸೇರಿಸಿದ್ದೇನೆ: ಪ್ರತಿ ಯಾರಿಗೆ ಹೋಗಲಿಲ್ಲ. ಇದಕ್ಕೆ ಕಾರಣ 1860ರ ಒಂದು ಕಾಗದ. ದೇಶೀಯ ರಾಜರಿಗೆ ದತ್ತು ಹಕ್ಕು ಕೊಡುವ ಬಗ್ಗೆ ಲಂಡನ್ನಿಗೆ ಬರೆಯುವಾಗ ಆಗಿನ ಗವರ್ನರ್ ಜನರಲ್ ಕ್ಯಾನಿಂಗ್, ಮೈಸೂರಿನ ರಾಜರು ತಮ್ಮ ರಾಜ್ಯವನ್ನು ಬ್ರಿಟಿಷರಿಗೇ ಬಿಟ್ಟು ಹೋಗಲು ಮನಸ್ಸು ಮಾಡಿದ್ದಾರೆ ಅಂತ ಸೇರಿಸಿಬಿಟ್ಟರು. ರಾಜರಿಗೆ ಅದರ ಪ್ರತಿ ಯಾರು ಕೊಡುತ್ತಾರೆ? ಬೇರೆ ಎಷ್ಟೋ ಸಂಸ್ಥಾನಗಳಿಗೆ ದತ್ತಿನ ಸನ್ನದು (ಅನುಮತಿ ಪತ್ರ) ಬಂತು, ಮೈಸೂರಿಗೆ ಬರಲಿಲ್ಲ. ರಾಜರು 23 ಫೆಬ್ರವರಿ 1861ರಂದು ರಾಜ್ಯ ವಾಪಸ್ ಕೊಡಿ ಅಂತ ಬರೆದರು. ಕ್ಯಾನಿಂಗ್ ಆಗದು ಅಂತ ಉತ್ತರ ಬರೆದದ್ದು 11 ಮಾರ್ಚ್ 1862ಕ್ಕೆ, ಊರಿಗೆ ಹೊರಡುವ ತಿಂಗಳಲ್ಲಿ. ವರ್ಷದ ಮೇಲಾಯಿತು. ಎಪ್ಪತ್ತರ ಹತ್ತಿರದ ಮುದುಕರು ಅವರು. ಬಿಡಲಿಲ್ಲ, ಬರೆಯುತ್ತಲೇ ಹೋದರು, 1865ರ ಜೂನ್ 18ಕ್ಕೆ ಯಾರ ಅಪ್ಪಣೆಗೂ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರ ಏಪ್ರಿಲ್‌ನಲ್ಲಿ ಲಂಡನ್ ಒಪ್ಪಿತು. ಮರುವರ್ಷ ಮಾರ್ಚ್ 27ಕ್ಕೆ ರಾಜರು ತೀರಿಕೊಂಡರು.

ಹೋದ ತಿಂಗಳು ಅದೇ ಮೇಷ್ಟ್ರ ಮನೆಗೆ ಹೋಗಿ ಲೆಡ್ಜರ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದು ಗಂಟೆ ನೋಡಿದರು. "ಎಲ್ಲಾ ಇಂಗ್ಲಿಷಿನವೇ ಇವೆಯಲ್ಲ ಮಾರಾಯ್ರೇ, ಕೂಟದವರು ಅರ್ಜಿ ಬರೆದಿರಲಿಲ್ವಾ?" ಅಂದರು. ಬರೆದಿದ್ದರು. ಕನ್ನಡದಲ್ಲಿ ಬರೆದದ್ದು ಕಚೇರಿಯ ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಎರಡು ಸಾಲಿನ ಸಾರಾಂಶವಾಗಿರುತ್ತದೆ. ಅದಕ್ಕೇ ಈಗ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಕಲಿಯುತ್ತಿದ್ದೇನೆ. ಅಂಕಿಗಳು ಬಂದಿವೆ, ಅಕ್ಷರ ಇನ್ನೂ ಓಡುತ್ತಿಲ್ಲ.