ಪೈಥಾನ್‌ನಿಂದ ಎಡಬ್ಲ್ಯೂಎಸ್ ಗ್ರೂಪ್‌ಗಳನ್ನು ನಿಭಾಯಿಸುವುದು ಹೇಗೆ?

ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಖಾತೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪರ್ಮಿಷನ್ ಕೊಡುತ್ತಾ ಹೋದರೆ, ಸ್ವಲ್ಪ ದಿನದಲ್ಲೇ ಯಾರಿಗೆ ಏನು ಕೊಟ್ಟಿದ್ದೇವೆ ಅನ್ನೋದೇ ಮರೆತುಹೋಗುತ್ತದೆ. ಪರ್ಮಿಷನ್ ಏನಿದ್ದರೂ ಗ್ರೂಪಿಗೆ ಕೊಡಿ, ಜನರನ್ನು ಗ್ರೂಪಿಗೆ ಸೇರಿಸಿ. ಇದನ್ನು ಬೋಟೋ3 ಅನ್ನುವ ಪೈಥಾನ್ ಲೈಬ್ರರಿಯಿಂದ ಮಾಡಬಹುದು.

ಮೊದಲು ಪಿಪ್‌ನಲ್ಲಿ ಬೋಟೋ3 ಹಾಕಿಕೊಳ್ಳಿ. ಖಾತೆಯೊಳಗೆ ಬಿಡುವ ಗುಟ್ಟಿನ ಆಕ್ಸೆಸ್ ಕೀಯನ್ನು ಸ್ಕ್ರಿಪ್ಟ್ ಒಳಗೆ ಬರೆಯಲೇಬೇಡಿ, ಎಡಬ್ಲ್ಯೂಎಸ್ ಕಾನ್ಫಿಗರ್ ಕಮಾಂಡ್ ಕೊಟ್ಟು ಹೊರಗೇ ಇಡಿ. ಆಮೇಲೆ ಕೋಡ್‌ನಲ್ಲಿ ಐಎಎಂ (ಬಳಕೆದಾರರು, ಪರ್ಮಿಷನ್‌ಗಳನ್ನು ನೋಡಿಕೊಳ್ಳುವ ಎಡಬ್ಲ್ಯೂಎಸ್ ಸೇವೆ) ಕ್ಲೈಂಟ್ ತೆರೆಯಿರಿ. ಬಳಕೆದಾರರು, ಗ್ರೂಪ್‌ಗಳು ಇಡೀ ಖಾತೆಗೆ ಒಂದೇ, ರೀಜನ್ (ಎಡಬ್ಲ್ಯೂಎಸ್ ಸರ್ವರ್‌ಗಳಿರುವ ಪ್ರದೇಶ) ಪ್ರಕಾರ ಬೇರೆಯಾಗುವುದಿಲ್ಲ.

ಈಗ ಕ್ರಿಯೇಟ್_ಗ್ರೂಪ್ ಕರೆದು ಹೆಸರು ಕೊಡಿ. ಅದೇ ಹೆಸರಿನ ಗ್ರೂಪ್ ಮೊದಲೇ ಇದ್ದರೆ ಎಂಟಿಟಿ ಆಲ್ರೆಡಿ ಎಕ್ಸಿಸ್ಟ್ಸ್ ಅನ್ನುವ ಎರರ್ ಬರುತ್ತದೆ. ಅಕ್ಷರ ದೊಡ್ಡದು ಚಿಕ್ಕದು ಮಾಡಿದರೂ ಬಿಡುವುದಿಲ್ಲ! ಈ ಎರರ್ ಅನ್ನು ಟ್ರೈ-ಎಕ್ಸೆಪ್ಟ್‌ನಲ್ಲಿ ಹಿಡಿದು ಮುಂದೆ ಹೋಗಿ, ಆಗ ಸ್ಕ್ರಿಪ್ಟನ್ನು ಎಷ್ಟು ಸಲ ಓಡಿಸಿದರೂ ಇಲ್ಲಿ ನಿಲ್ಲುವುದಿಲ್ಲ.

ಪರ್ಮಿಷನ್‌ಗಳನ್ನು ಬರೆದಿಟ್ಟ ದಾಖಲೆಗೆ ಪಾಲಿಸಿ ಅನ್ನುತ್ತಾರೆ, ಅದನ್ನು ಗ್ರೂಪಿಗೆ ಸೇರಿಸಲು ಅಟ್ಯಾಚ್_ಗ್ರೂಪ್_ಪಾಲಿಸಿ. ಅದಕ್ಕೆ ಗ್ರೂಪಿನ ಹೆಸರು, ಪಾಲಿಸಿಯ ಎಆರ್‌ಎನ್ (ಎಡಬ್ಲ್ಯೂಎಸ್‌ನಲ್ಲಿ ಅದನ್ನು ಗುರುತಿಸುವ ಪೂರ್ತಿ ಹೆಸರು) ಎರಡೂ ಬೇಕು. ಸುಮ್ನೆ ತಲೆನೋವು ಯಾಕೆ ಅಂತ ಎಲ್ಲರಿಗೂ ಅಡ್ಮಿನಿಸ್ಟ್ರೇಟರ್ ಆಕ್ಸೆಸ್ ಕೊಟ್ಟುಬಿಡೋಣ ಅನ್ನಿಸುತ್ತದೆ, ಹಾಗೆ ಕೊಡುವುದಾದರೆ ಗ್ರೂಪ್ ಮಾಡಿ ಏನು ಪ್ರಯೋಜನ, ಅಲ್ವಾ?

ಜನರನ್ನು ಸೇರಿಸಲು ಆಡ್_ಯೂಸರ್_ಟು_ಗ್ರೂಪ್. ಒಂದು ಸಲಕ್ಕೆ ಒಬ್ಬರೇ, ಹಾಗಾಗಿ ಫಾರ್ ಲೂಪ್ ಹಾಕಿ. ಒಬ್ಬರು ಹೆಚ್ಚೆಂದರೆ 10 ಗ್ರೂಪ್‌ಗಳಲ್ಲಿ ಇರಬಹುದು, ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಇಡುವಂತಿಲ್ಲ. ಎರಡು ಗ್ರೂಪಿನಲ್ಲಿದ್ದವರಿಗೆ ಎರಡರ ಪರ್ಮಿಷನ್ನೂ ಸಿಗುತ್ತದೆ, ಆದರೆ ಒಂದರಲ್ಲಿ ಡಿನೈ ಅಂತ ಬರೆದಿದ್ದರೆ ಅದರ ಮಾತೇ ನಡೆಯುವುದು. ಬದಲಾವಣೆ ಎಲ್ಲ ಕಡೆ ತಲುಪಲು ಸ್ವಲ್ಪ ಹೊತ್ತು ಹಿಡಿಯಬಹುದು.

ಪಟ್ಟಿ ಬೇಕಿದ್ದರೆ ಲಿಸ್ಟ್_ಗ್ರೂಪ್ಸ್ ಇದೆ. ಅದು ತಾನಾಗಿ ಒಂದು ಸಲಕ್ಕೆ 100ಕ್ಕಿಂತ ಜಾಸ್ತಿ ಕೊಡುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ, ಉಳಿದದ್ದು ಇದೆ ಅನ್ನುವುದನ್ನು ಈಸ್‌ಟ್ರಂಕೇಟೆಡ್ ಅನ್ನುವ ಒಂದು ಸಣ್ಣ ಗುರುತಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನೂ ತಾನೇ ತಂದುಕೊಡುವ ಬೋಟೋ3ಯ ಪೇಜಿನೇಟರ್ ಬಳಸಿ. ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಹೇಳುವ ಗೆಟ್_ಗ್ರೂಪ್‌ಗೂ ಇದೇ ಮಾತು.

ನಿಜವಾದ ಕಿರಿಕಿರಿ ಇರುವುದು ಅಳಿಸುವಾಗ. ವೆಬ್ ಕನ್ಸೋಲ್‌ನಲ್ಲಿ ಗ್ರೂಪ್ ಅಳಿಸಿದರೆ ಒಳಗಿದ್ದದ್ದನ್ನೆಲ್ಲ ಅದೇ ತೆಗೆಯುತ್ತದೆ. ಕೋಡ್‌ನಲ್ಲಿ ನೇರವಾಗಿ ಡಿಲೀಟ್_ಗ್ರೂಪ್ ಕರೆದರೆ ಡಿಲೀಟ್ ಕಾನ್‌ಫ್ಲಿಕ್ಟ್ ಅಂತ ತಿರುಗಿಬೀಳುತ್ತದೆ. ಮೊದಲು ಎಲ್ಲ ಸದಸ್ಯರನ್ನು ರಿಮೂವ್_ಯೂಸರ್_ಫ್ರಮ್_ಗ್ರೂಪ್‌ನಿಂದ ತೆಗೆಯಿರಿ, ನಂತರ ಡಿಟ್ಯಾಚ್_ಗ್ರೂಪ್_ಪಾಲಿಸಿಯಿಂದ ಪಾಲಿಸಿಗಳನ್ನು ಬಿಡಿಸಿ. ಇಷ್ಟಾದರೂ ಎರರ್ ಹೋಗದಿದ್ದರೆ ಗ್ರೂಪಿನೊಳಗೇ ಬರೆದ ಇನ್‌ಲೈನ್ ಪಾಲಿಸಿ ಉಳಿದಿರುತ್ತದೆ. ಅದರ ಪಟ್ಟಿಯೇ ಬೇರೆ, ಲಿಸ್ಟ್_ಗ್ರೂಪ್_ಪಾಲಿಸೀಸ್‌ನಲ್ಲಿ ಸಿಗುತ್ತದೆ, ಡಿಲೀಟ್_ಗ್ರೂಪ್_ಪಾಲಿಸಿಯಿಂದ ಅಳಿಸಬೇಕು.

ಬರೀ ಹೆಸರು ಬದಲಿಸಬೇಕಿದ್ದರೆ ಇಷ್ಟೆಲ್ಲ ಬೇಡ. ಅಪ್‌ಡೇಟ್_ಗ್ರೂಪ್‌ಗೆ ಹೊಸ ಹೆಸರು ಕೊಡಿ, ಸದಸ್ಯರೂ ಪಾಲಿಸಿಗಳೂ ಹಾಗೇ ಇರುತ್ತವೆ. ಗ್ರೂಪಿನ ಎಆರ್‌ಎನ್ ಮಾತ್ರ ಬದಲಾಗುತ್ತದೆ, ಹಳೆಯದನ್ನು ಬೇರೆಲ್ಲಾದರೂ ಬರೆದಿಟ್ಟಿದ್ದರೆ ಅಲ್ಲೂ ತಿದ್ದಿ.