ಬಾಟ್ಲಿಯ ಬೆನ್ನು ಓದಿ: ಚಿಕಾಗೋಗೆ ಹೊರಟ ಕಾಸರಗೋಡಿನವರಿಗೆ

ಈ ಸಲ ಆಟಿ ತಿಂಗಳಲ್ಲಿ ಬದಿಯಡ್ಕದ ಮನೆಗೆ ಬಂದಿದ್ದೇನೆ. ನಿನ್ನೆ ನೆರೆಮನೆಯ ಹುಡುಗ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಮುಂದಿನ ತಿಂಗಳು ಚಿಕಾಗೋ ಕಡೆ ಹೊರಟವರು. ಅವನ ಪ್ರಶ್ನೆಗಳೆಲ್ಲ ಎಸ್‌ಎಸ್‌ಎನ್ ಎಂಬ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕು, ಲೈಸೆನ್ಸು, ಬಾಡಿಗೆ ಮನೆ. ಇಳಿದ ಮೊದಲ ತಿಂಗಳಲ್ಲೇ ಮುಗಿಸಿ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಉಳಿದದ್ದನ್ನು ಆಫೀಸಿನವರೇ ಹೇಳಿಕೊಡುತ್ತಾರೆ ಎಂದೆ. ಹುಡುಗಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು: "ಅಕ್ಕ, ಅಲ್ಲಿ ಚಳಿಗೆ ಮೈಗೆ ಎಂತ ಹಚ್ಚುವುದು? ಇಲ್ಲಿಂದಲೇ ಕೊಂಡುಹೋಗಬೇಕಾ?"

ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿಗೆ ಹೊರಟಾಗ ನನಗೆ ಇದನ್ನು ಯಾರಲ್ಲಾದರೂ ಕೇಳಬೇಕೆಂದೇ ಹೊಳೆದಿರಲಿಲ್ಲ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನವರಿಗೆ ಒಣ ಗಾಳಿ ಅಂದರೆ ಎಂತದೆಂದು ಗೊತ್ತಾಗುವುದಾದರೂ ಹೇಗೆ? ಇಲ್ಲಿ ಹಲಸಿನ ಹಪ್ಪಳ ಕಾಯಿಸಿಟ್ಟು ಒಂದು ಫೋನು ಮುಗಿಸಿ ಬರುವಾಗ ಅದು ಮೆತ್ತಗಾಗಿರುತ್ತದೆ. ಅಲ್ಲಿ ಜನವರಿಯಲ್ಲಿ ಹೀಟರ್ ಹಾಕಿದ ಮನೆಯೊಳಗೆ ಮರುದಿನ ಸಂಜೆಗೂ ಗರಿಗರಿ. ಮೊದಲ ಸಲ ನೋಡಿ ಖುಷಿಪಟ್ಟೆ. ಹಪ್ಪಳಕ್ಕೆ ನೀರು ಕೊಡದ ಗಾಳಿ ನನ್ನ ಮೈಯಿಂದಲೂ ನೀರು ಎಳೆಯುತ್ತಿದೆ ಎಂದು ಅರ್ಥವಾದದ್ದು ಮೂರು ವಾರ ಕಳೆದ ಮೇಲೆ. ಮೊಣಕಾಲ ಕೆಳಗೆ ಉಗುರು ಎಳೆದರೆ ಸ್ಲೇಟಿನ ಮೇಲೆ ಕಡ್ಡಿ ಎಳೆದ ಹಾಗೆ ಬಿಳಿ ಗೆರೆ ಬೀಳುತ್ತಿತ್ತು. ರಾತ್ರಿಯಿಡೀ ತುರಿಕೆ.

ನಾನು ಮಾಡಿದ್ದು ಊರಿನ ಮದ್ದು. ಬಚ್ಚಲಿನ ಹಂಡೆ ನೆನಪಾಗಿ ಅರ್ಧ ಗಂಟೆ ಸುಡುನೀರಿನ ಸ್ನಾನ, ಆಮೇಲೆ ಮೈ ಪೂರ್ತಿ ಒರೆಸಿ ತೆಂಗಿನೆಣ್ಣೆ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದಲ್ಲ, ಕಿಟಕಿ ಹತ್ತಿರ ಇಟ್ಟದ್ದು ಕಲ್ಲಾಗಿತ್ತು. ಪ್ಲಾಸ್ಟಿಕ್ ಬಾಟ್ಲಿ ಸಮೇತ ಮೈಕ್ರೋವೇವಿಗೆ ಇಟ್ಟೆ. ಬಾಟ್ಲಿ ಸೊಂಟ ಮುರಿದುಕೊಂಡು ಕೂತಿತು, ಎಣ್ಣೆ ತಟ್ಟೆಯ ತುಂಬ ಹರಿಯಿತು. ಹಾಸಿಗೆಯ ಚಾದರ, ಆಫೀಸಿನ ಶರ್ಟಿನ ಕಾಲರು ಎಲ್ಲ ಎಣ್ಣೆ ಜಿಡ್ಡು. ತುರಿಕೆ ಇದ್ದಲ್ಲೇ ಇತ್ತು. ಬಿಸಿನೀರು ಮೈಯಲ್ಲಿದ್ದ ಸ್ವಂತ ಜಿಡ್ಡನ್ನೂ ತೊಳೆದುಹಾಕಿತ್ತು, ಒಣಗಿದ ಚರ್ಮದ ಮೇಲೆ ನಾನು ಬರೀ ಮುಚ್ಚಳ ಹಾಕಿದ್ದೆ. ಎಣ್ಣೆಯು ಚರ್ಮದಲ್ಲಿ ಇದ್ದ ನೀರನ್ನು ಕಾಯುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ.

ಒಳ್ಳೆಯ ಲೋಷನ್ನಿನಲ್ಲಿ ಮೂರು ಕೆಲಸದವರು ಇರುತ್ತಾರೆ. ನೀರನ್ನು ಎಳೆದು ಹಿಡಿಯುವುದಕ್ಕೆ ಗ್ಲಿಸರಿನ್, ಯೂರಿಯಾದಂಥವು. ಚರ್ಮದ ಸಂದು ತುಂಬಿ ನಯ ಮಾಡುವುದಕ್ಕೆ ಕೊಬ್ಬು, ಎಣ್ಣೆಯ ಜಾತಿಯವು. ಮೇಲಿನಿಂದ ಮುಚ್ಚುವುದಕ್ಕೆ ಪೆಟ್ರೊಲೇಟಮ್ ಅಥವಾ ಡೈಮೆಥಿಕೋನ್. ಪೆಟ್ರೊಲೇಟಮ್ ಅಂದರೆ ಬೇರೇನಲ್ಲ, 1872ರಲ್ಲಿ ಪೇಟೆಂಟ್ ಆದ ನಮ್ಮ ಹಳೇ ವ್ಯಾಸಲೀನೇ. ಸ್ನಾನ ಉಗುರು ಬೆಚ್ಚಗಿನ ನೀರಿನಲ್ಲಿ, ಹತ್ತು ನಿಮಿಷದೊಳಗೆ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಲೋಷನ್. ಈ ಎರಡು ಮಾಡಿದರೆ ಯಾವ ಬ್ರ್ಯಾಂಡು ಎಂಬ ಪ್ರಶ್ನೆಯ ಅರ್ಧ ಅಲ್ಲಿಗೇ ಮುಗಿಯಿತು.

ಆದರೆ ನಾನು ಉಳಿದ ಅರ್ಧದಲ್ಲೇ ದುಡ್ಡು ಕಳೆದದ್ದು. ಮಾಲಿನ ಒಂದು ದೊಡ್ಡ ಹೆಸರಿನ ಅಂಗಡಿಯಲ್ಲಿ ತೆಂಗಿನಕಾಯಿ ಚಿತ್ರದ ಲೋಷನ್ ಕಂಡಿತು. ಮನೆ ನೆನಪು ಯಾವಾಗ ಹೇಗೆ ಬಂದು ಕೈ ಹಿಡಿಯುತ್ತದೆ ಎಂದು ಹೇಳಲಾಗದು, ರೇಟು ನೋಡದೆ ಎರಡು ತೆಗೆದುಕೊಂಡೆ. ಪರಿಮಳ ಬೇಕರಿಯ ಬಿಸ್ಕೆಟಿನದ್ದು. ನಾಲ್ಕನೇ ದಿನ ಕೈಯೆಲ್ಲ ಕೆಂಪು ಗುಳ್ಳೆ. ಆವಾಗ ಹಿಂದೆ ತಿರುಗಿಸಿ ಓದಿದೆ. ಅಲ್ಲಿಯ ನಿಯಮದಂತೆ ಯಾವುದು ಹೆಚ್ಚು ಇದೆಯೋ ಅದರ ಹೆಸರು ಮೊದಲು ಬರಬೇಕು, 1%ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಬರೆಯಬಹುದು. ನೀರು ಮೊದಲು, ಸೆಂಟು ನಡುವೆ, ತೆಂಗು ಬಾಲದಲ್ಲಿ. ಫಿನಾಕ್ಸಿಎಥನಾಲ್ ಎಂಬ ಕೆಡದ ಹಾಗೆ ಇಡುವ ವಸ್ತುವನ್ನು ಸಾಮಾನ್ಯವಾಗಿ 1%ಕ್ಕಿಂತ ಹೆಚ್ಚು ಹಾಕುವುದಿಲ್ಲ. ಅದರ ನಂತರ ಬಂದ ಚಂದನ, ಕೇಸರಿ, ತೆಂಗೆಲ್ಲ ಹೆಸರಿಗೆ ಮಾತ್ರ. ತೆಂಗಿನ ಸಂಶೋಧನೆಗೆಂದೇ 1916ರಲ್ಲಿ ಕೇಂದ್ರ ತೆರೆದ ಊರಿನವಳು ನಾನು. ಆ ಕೇಂದ್ರದ, ಅಂದರೆ ಕೂಡ್ಲಿನ ಸಿಪಿಸಿಆರ್‌ಐಯ, ಗೇಟಿನ ಮುಂದೆಯೇ ಬಸ್ಸಿನಲ್ಲಿ ಓಡಾಡಿದವಳು ಚಿತ್ರ ನೋಡಿ ಮೋಸ ಹೋದೆ.

ಈಗ ನಾನು ಅಂಗಡಿಯಲ್ಲಿ ಎರಡು ಬಾಟ್ಲಿಯ ಬೆನ್ನನ್ನು ಅಕ್ಕಪಕ್ಕ ಹಿಡಿದು ಓದುತ್ತೇನೆ. ಒಂದು ಹೆಸರಿನದ್ದು: ಸೆಟಾಫಿಲ್, ಸೆರಾವೆ, ಯೂಸೆರಿನ್, ಅವೀನೋ. ಇನ್ನೊಂದು ಅಂಗಡಿಯವರದೇ: ವಾಲ್‌ಮಾರ್ಟಿನ ಈಕ್ವೇಟ್, ಟಾರ್ಗೆಟಿನ ಅಪ್ ಅಂಡ್ ಅಪ್. ಎಷ್ಟೋ ಸಲ ಅಂಗಡಿಯ ಬಾಟ್ಲಿಯ ಮೇಲೆಯೇ ಇಂಥದ್ದರ ಜೊತೆ ಹೋಲಿಸಿ ನೋಡಿ ಎಂದು ಬರೆದಿರುತ್ತದೆ. ಮೊದಲ ಐದಾರು ಹೆಸರು ಒಂದೇ ಇದ್ದರೆ ಅಂಗಡಿಯದ್ದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹೆಸರಿನವು ಹಾಳು ಎಂದಲ್ಲ, ಒಳ್ಳೆಯವೇ. ಪಟ್ಟಿ ಒಂದೇ ಇದ್ದರೂ ಪ್ರಮಾಣ ಒಂದೇ ಇರಬೇಕೆಂದಿಲ್ಲ, ಹಚ್ಚುವಾಗ ಸ್ವಲ್ಪ ಅಂಟು ಹೆಚ್ಚು ಕಂಡೀತು. ಆ ಅಂಟಿಗಾಗಿ ಅಷ್ಟು ಡಾಲರ್ ಹೆಚ್ಚು ಕೊಡುವ ಮನಸ್ಸು ನನಗಿಲ್ಲ. ರೇಟು ನೋಡುವಾಗ ಬಾಟ್ಲಿಯದ್ದು ಬೇಡ, ಕಪಾಟಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಔನ್ಸಿಗೆ ಎಷ್ಟು ಎಂದಿರುತ್ತದೆ, ಅದನ್ನು ನೋಡಿ. ಒಂದು ಔನ್ಸ್ ಸುಮಾರು 30 ಮಿ.ಲೀ.

ಹಾಗೆಂದು ಅಂಗಡಿಯದ್ದೆಲ್ಲ ಚಿನ್ನವೂ ಅಲ್ಲ. ಜ್ಞಾನೋದಯವಾದ ಹುರುಪಿನಲ್ಲಿ ಅತಿ ಅಗ್ಗದ ದೊಡ್ಡ ಡಬ್ಬ ತಂದೆ. ನೀರು ಮಜ್ಜಿಗೆಯ ಹಾಗಿತ್ತು, ಮೇಲಿಂದ ಸೆಂಟು. ಒಂದೇ ಅಂಗಡಿಯಲ್ಲಿ ನಾಲ್ಕು ದರ್ಜೆ ಇರುತ್ತದೆ. ಪಂಪಿನಿಂದ ಸಲೀಸಾಗಿ ಸುರಿಯುವುದರಲ್ಲಿ ನೀರು ಹೆಚ್ಚು, ಬೆರಳಿನಿಂದ ತೆಗೆಯುವ ಕ್ರೀಮಿನಲ್ಲಿ ಕಡಿಮೆ. ಜನವರಿಗೆ ಕ್ರೀಮು, ಮೇ ತಿಂಗಳಿಗೆ ಲೋಷನ್. ಮಕ್ಕಳಿದ್ದರೆ ಪರಿಮಳ ಹಾಕದ್ದೇ ಆಗಬೇಕು. "ಅನ್‌ಸೆಂಟೆಡ್" ಎಂದದ್ದನ್ನು ನಂಬಬೇಡಿ, ವಾಸನೆ ಮುಚ್ಚಲಿಕ್ಕೆ ಅದರಲ್ಲೂ ಸೆಂಟು ಇರಬಹುದು. "ಫ್ರಾಗ್ರೆನ್ಸ್ ಫ್ರೀ" ಎಂದಿರಬೇಕು. ಮಗುವಿಗೆ ಎಕ್ಸಿಮಾ ಇದ್ದರೆ ನನ್ನ ಮಾತು ಬಿಡಿ, ಡಾಕ್ಟರು ಹೇಳಿದ್ದನ್ನೇ ಹಚ್ಚಿ. ಬಿಲ್ಲು ಬಿಸಾಡಬೇಡಿ, ತೆರೆದ ಬಾಟ್ಲಿಯನ್ನೂ ವಾಪಸ್ ತೆಗೆದುಕೊಳ್ಳುವ ಅಂಗಡಿಗಳುಂಟು. ನನಗೆ ಮಾತ್ರ ಇವತ್ತಿಗೂ ನಾಚಿಕೆ. ಬಳಸಿದ್ದನ್ನು ಹಿಂದೆ ಕೊಡುವುದಾ, ಅಂಗಡಿಯವರು ಎಂತ ಹೇಳಿಯಾರು ಎಂದು.

ಹೆಸರಿನ ಮೋಹ ಬಿಡುವುದು ನಮಗೆ ಸುಲಭವಾಗಬೇಕಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ಬೋರ್ಡು ಬದಲಾಗುವುದನ್ನು ನೋಡುತ್ತಲೇ ಬಂದವರಲ್ಲವೇ. ಅಲ್ಲಿಯ ಕನ್ನಡ ಕೂಟಕ್ಕೆ ಮೊದಲು ಹೋದಾಗ ಒಬ್ಬರು ಕೇಳಿದರು, "ಪಾಸ್‌ಪೋರ್ಟಿನಲ್ಲಿ ಕೇರಳ ಅಂತಿದೆಯಲ್ಲ, ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!" ಕಲಿತದ್ದಲ್ಲ ಎಂದು ವಿವರಿಸುವಷ್ಟರಲ್ಲಿ ಅವರು ಊಟದ ಸಾಲಿಗೆ ಹೋಗಿಯಾಗಿತ್ತು. ಓಣಂಗೆ ಮಲಯಾಳಿಗಳು ಕರೆದರು, ಹೋದೆ. ಅಲ್ಲಿ ನನ್ನ ಮಲಯಾಳ ಕೇಳಿ ನಕ್ಕರು. ನಿಮಗೂ ಹೀಗೇ ಆಗುತ್ತದೆ. ಎರಡು ಕಡೆಗೂ ಹೋಗಿ, ಎರಡು ಕಡೆಯೂ ಊಟ ಚೆನ್ನಾಗಿರುತ್ತದೆ.

ನನ್ನ ಮಗಳಿಗೆ ಹದಿಮೂರು. ಮೊನ್ನೆ ಅಜ್ಜಿ ಮಿಲ್ಲಿನಿಂದ ಆಗಷ್ಟೇ ಬಂದ ಎಣ್ಣೆಯ ಮುಚ್ಚಳ ತೆಗೆದು ಅವಳ ಮೂಗಿಗೆ ಹಿಡಿದರು. ಅವಳು ಮೂಸಿ ನೋಡಿ, "ಇದು ತೆಂಗಿನಕಾಯಿ ಅಲ್ಲ" ಎಂದಳು. ಅವಳಿಗೆ ತೆಂಗಿನಕಾಯಿ ಅಂದರೆ ಆ ಬಿಸ್ಕೆಟಿನ ಪರಿಮಳ. ಅಜ್ಜಿಗೆ ಅರ್ಥವಾಗಲಿಲ್ಲ, ನಾನು ಅನುವಾದಿಸಲೂ ಹೋಗಲಿಲ್ಲ.

ಹುಡುಗಿಯ ಸೂಟ್‌ಕೇಸಿಗೆ ಅವಳ ಅಮ್ಮ ಆಗಲೇ ಎರಡು ಲೀಟರ್ ಎಣ್ಣೆ ಇಟ್ಟಾಗಿದೆಯಂತೆ. ಇರಲಿ, ತೆಗೆಯಬೇಡ ಎಂದೆ. ತಲೆಗೆ ಬೇಕು, ಸಾಂಬಾರಿನ ಒಗ್ಗರಣೆಗೆ ಬೇಕು, ಸ್ನಾನವಾದ ಕೂಡಲೇ ಹಸಿ ಕಾಲಿಗೆ ಲೋಷನ್ ಮೇಲೆ ಒಂದು ಹನಿ ಸವರಿದರೂ ಒಳ್ಳೆಯದೇ. ಕೈಚೀಲಕ್ಕೆ ಮಾತ್ರ ಬೇಡ, ಅದರಲ್ಲಿ 100 ಮಿ.ಲೀ.ಗಿಂತ ದೊಡ್ಡ ಬಾಟ್ಲಿ ಬಿಡುವುದಿಲ್ಲ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಲೋಷನ್ ಇಲ್ಲಿಂದ ಹೊರುವುದು ಬೇಡ.

ಹೋದ ಸಲ ನಾನು ಅಮ್ಮನಿಗೆ ಅಂಗಡಿ ಬ್ರ್ಯಾಂಡಿನ ದೊಡ್ಡ ಪಂಪಿನ ಬಾಟ್ಲಿ ತಂದುಕೊಟ್ಟಿದ್ದೆ. ಇಂಥ ಕಂಪೆನಿ ಕೇಳಿಯೇ ಇಲ್ಲ ಎಂದು ನೆಂಟರೊಬ್ಬರು ಮೂಗು ಮುರಿದಿದ್ದರು. ಈ ಸಲ ಬಂದು ನೋಡಿದರೆ ಅದು ಬಚ್ಚಲಿನ ಗೂಡಿನಲ್ಲಿದೆ. ಅಮ್ಮ ಲೋಷನ್ ಖಾಲಿ ಮಾಡಿ, ತೊಳೆದು ಬಿಸಿಲಿಗಿಟ್ಟು, ತಲೆಗೆ ಹಾಕುವ ಎಣ್ಣೆ ತುಂಬಿಸಿದ್ದಾರೆ. "ಒತ್ತಿದರೆ ಬೇಕಾದಷ್ಟೇ ಬರುತ್ತದೆ, ಭಾರೀ ಲಾಯ್ಕುಂಟು, ಇನ್ನೊಂದು ತಾ" ಎಂದರು.