ಎಲ್ಬೋ: ಹೂವಿನ ಮೊಳ ನೆನಪಿಟ್ಟರೆ ಸಾಕು

ಮಕ್ಕಳಿಗೆ ‘ಎಲ್ಬೋ’ (elbow, ಮೊಣಕೈ) ಕಲಿಸುವಾಗ ಪದವನ್ನು ಎರಡಾಗಿ ಒಡೆಯಿರಿ. ಹಳೆಯ ಇಂಗ್ಲಿಷಿನಲ್ಲಿ ಅದು ‘ಎಲ್ನ್‌ಬೊಗ’. ‘ಎಲ್ನ್’ ಅಂದರೆ ಮುಂಗೈ, ಮುಂಗೈಯಷ್ಟು ಅಳತೆ. ‘ಬೊಗ’ ಅಂದರೆ ಬಾಗು, ಬಿಲ್ಲು. ಹೂವಾಡಗಿತ್ತಿ ಮಲ್ಲಿಗೆ ದಂಡೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಅಳೆಯುವ ಮೊಳವೂ ಇದೇ ಲೆಕ್ಕ, ಸುಮಾರು 18 ಅಂಗುಲ. (ಇಂಗ್ಲೆಂಡಿನ ಬಟ್ಟೆ ವ್ಯಾಪಾರದಲ್ಲಿ ಇದೇ ‘ಎಲ್ನ್’ನಿಂದ ಬಂದ ‘ಎಲ್’ ಎಂಬ ಅಳತೆ ಮಾತ್ರ ಬೆಳೆದು 45 ಅಂಗುಲವಾಯಿತು!) ಮುಂಗೈಯ ‘ಅಲ್ನಾ’ ಮೂಳೆಯ ಲ್ಯಾಟಿನ್ ಹೆಸರೂ ಇದೇ ಬಳಗದ್ದು.

ತಪ್ಪುವುದು ಉಚ್ಚಾರಣೆಯಲ್ಲಿ. ಕೊನೆಯದು ಬಿಲ್ಲಿನ ‘ಬೋ’, ತಲೆಬಾಗುವ ‘ಬೌ’ ಅಲ್ಲ. ಒತ್ತು ಮೊದಲಿನ ‘ಎಲ್’ ಮೇಲೆ. ಅರ್ಥದಲ್ಲೂ ಎಚ್ಚರ: ಎಲ್ಬೋ ಎಂದರೆ ಮಡಚುವ ಕೀಲಷ್ಟೇ. ಮುಂಗೈ ನೋವಿಗೆ ‘ಫೋರ್‌ಆರ್ಮ್’ ಅನ್ನಬೇಕು. ನಲ್ಲಿ ಪೈಪನ್ನು ತಿರುಗಿಸುವ ಎಲ್ಬೋ ತೋರಿಸಿ, ಬಾಗು ಕಣ್ಣಿಗೇ ಕಾಣುತ್ತದೆ.